ಒಂದೇ ದೂರವಾಣಿ ತಂತಿ, ಒಬ್ಬೊಬ್ಬರಿಗೆ ಒಂದು ಸರದಿ

ನಮಸ್ಕಾರ. ತೆರೆಯ ಮೇಲೆ ನೀವು ಈಗ ನೋಡುತ್ತಿರುವುದು 300 ಬಾಡ್ ವೇಗದ ಹಳೆಯ ಮೋಡೆಮ್. ದೂರವಾಣಿಯ ರಿಸೀವರನ್ನು ಈ ಎರಡು ರಬ್ಬರ್ ಬಟ್ಟಲುಗಳಲ್ಲಿ ಕೂರಿಸಿದರೆ, ಕಂಪ್ಯೂಟರಿನ ಮಾಹಿತಿ ಶಬ್ದವಾಗಿ ಬದಲಾಗಿ ತಂತಿಯಲ್ಲಿ ಹರಿಯುತ್ತದೆ. ಸೆಕೆಂಡಿಗೆ ಸುಮಾರು 30 ಅಕ್ಷರಗಳು, ಅಷ್ಟೇ. ಈ ವೇಗದಲ್ಲಿಯೂ ಜನರು ತಂತ್ರಾಂಶ ಹಂಚಿಕೊಂಡರು, ಅದರ ಬಗ್ಗೆ ಚರ್ಚಿಸಿದರು, ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದಿದರು. ಅವರು ಅದನ್ನು ಹೇಗೆ ಸಾಧಿಸಿದರು ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ.

1970ರ ದಶಕದ ನಡುವಿನಲ್ಲಿ ಅಮೆರಿಕದ ಹವ್ಯಾಸಿಗಳು ಮನೆಯಲ್ಲಿಯೇ ಕಂಪ್ಯೂಟರ್ ಜೋಡಿಸಿಕೊಳ್ಳತೊಡಗಿದಾಗ, ಅವರ ದೊಡ್ಡ ಕೊರತೆ ಯಂತ್ರದ್ದಲ್ಲ, ಅದರಲ್ಲಿ ಓಡಿಸಬೇಕಾದ ಪ್ರೋಗ್ರಾಮುಗಳದ್ದಾಗಿತ್ತು. ಪತ್ರಿಕೆಗಳು ಪ್ರೋಗ್ರಾಮನ್ನು ಪುಟಗಟ್ಟಲೆ ಅಚ್ಚುಮಾಡುತ್ತಿದ್ದವು. ಓದುಗರು ಸಾಲುಸಾಲಾಗಿ ಕೈಯಿಂದ ಟೈಪ್ ಮಾಡುತ್ತಿದ್ದರು, ಮತ್ತು ಒಂದು ಅಕ್ಷರ ತಪ್ಪಿದರೂ ಇಡೀ ಶ್ರಮ ವ್ಯರ್ಥವಾಗುತ್ತಿತ್ತು. ಕ್ಲಬ್ಬುಗಳ ಸಭೆಗಳಲ್ಲಿ ಕಾಗದದ ಟೇಪು, ಕ್ಯಾಸೆಟ್ಟು, ಆಮೇಲೆ ಫ್ಲಾಪಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಇದರಲ್ಲಿ ಮಾರಾಟದ ತಂತ್ರಾಂಶವೂ ಸೇರಿಹೋಗುತ್ತಿದ್ದುದರಿಂದ, 1976ರಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಹವ್ಯಾಸಿಗಳು ತಾವೇ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ ಪ್ರೋಗ್ರಾಮುಗಳ ಕಥೆ.

ಶಿಕಾಗೋದ ವಾರ್ಡ್ ಕ್ರಿಸ್ಟೆನ್‌ಸನ್ ಅಂಥವರಲ್ಲಿ ಒಬ್ಬರು. ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದ ಅವರು ಅಲ್ಲಿನ ಹವ್ಯಾಸಿಗಳ ಕ್ಲಬ್ಬಿನ ಸದಸ್ಯರಾಗಿದ್ದರು. 1977ರಲ್ಲಿ ಅವರು ದೂರವಾಣಿಯ ಮೂಲಕ ಫೈಲ್ ಕಳುಹಿಸುವ ಒಂದು ಪ್ರೋಗ್ರಾಮ್ ಬರೆದರು; ಅದರ ವಿಧಾನಕ್ಕೆ ಮುಂದೆ ಎಕ್ಸ್‌ಮೋಡೆಮ್ ಎಂಬ ಹೆಸರು ನಿಂತಿತು. ಅದರ ಸರಳತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಫೈಲನ್ನು 128 ಬೈಟುಗಳ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮುಂದೆ ಅದರ ಕ್ರಮಸಂಖ್ಯೆಯನ್ನೂ ಕೊನೆಯಲ್ಲಿ ಎಲ್ಲ ಬೈಟುಗಳ ಮೊತ್ತದಿಂದ ಪಡೆದ ಒಂದು ತಾಳೆಯ ಅಂಕಿಯನ್ನೂ ಇಟ್ಟು ಕಳುಹಿಸಬೇಕು. ಪಡೆದ ಯಂತ್ರವು ತಾನೂ ಕೂಡಿ ನೋಡಿ, ಲೆಕ್ಕ ಸರಿಹೊಂದಿದರೆ ಸರಿಯೆಂದೂ ಇಲ್ಲದಿದ್ದರೆ ಮತ್ತೆ ಕಳುಹಿಸೆಂದೂ ಉತ್ತರಿಸಬೇಕು. ತಂತಿಯಲ್ಲಿ ಗರಗರ ಸದ್ದು ಬಂದರೂ, ಮನೆಯಲ್ಲಿ ಬೇರೊಬ್ಬರು ತಿಳಿಯದೆ ಇನ್ನೊಂದು ರಿಸೀವರ್ ಎತ್ತಿದರೂ, ಕೆಟ್ಟ ತುಂಡಷ್ಟೇ ಮತ್ತೊಮ್ಮೆ ಬರುತ್ತಿತ್ತು. 30 ಕಿಲೋಬೈಟಿನ ಒಂದು ಪ್ರೋಗ್ರಾಮ್ ತರಿಸಿಕೊಳ್ಳಲು 17 ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿದ್ದ ಆ ಕಾಲದಲ್ಲಿ ಇದೆಂಥ ಉಪಕಾರವೆಂದು ಊಹಿಸಿಕೊಳ್ಳಿ. ಕ್ರಿಸ್ಟೆನ್‌ಸನ್ ಇದಕ್ಕೆ ಬೆಲೆ ಕಟ್ಟಲಿಲ್ಲ, ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ ರೌಟರುಗಳ ಮೇಲೆ ಕೆಲಸ ಮಾಡುವ ಎಂಜಿನಿಯರುಗಳಿಗೆ ಈ ಹೆಸರು ಹೊಸದೇನಲ್ಲ. ಸಾಧನದ ತಂತ್ರಾಂಶ ಕೆಟ್ಟು ಬೇರೆ ದಾರಿಯಿಲ್ಲದಾದಾಗ, ಸೀರಿಯಲ್ ಕೇಬಲ್ಲಿನಲ್ಲಿ ಇದೇ ಎಕ್ಸ್‌ಮೋಡೆಮ್ ಮೂಲಕ ಹೊಸದನ್ನು ತುಂಬುವ ಸೌಲಭ್ಯ ಹಲವು ಸಾಧನಗಳಲ್ಲಿ ಉಳಿದುಕೊಂಡಿದೆ.

1978ರ ಜನವರಿಯಲ್ಲಿ ಶಿಕಾಗೋ ಭಾರೀ ಹಿಮಪಾತದಲ್ಲಿ ಸಿಲುಕಿತ್ತು. ಮನೆಯಿಂದ ಹೊರಬರಲಾಗದ ಕ್ರಿಸ್ಟೆನ್‌ಸನ್ ತಮ್ಮ ಗೆಳೆಯ ರ‍್ಯಾಂಡಿ ಸ್ಯೂಸ್‌ಗೆ ದೂರವಾಣಿ ಮಾಡಿ, ಕ್ಲಬ್ಬಿನ ಸದಸ್ಯರು ಕರೆಮಾಡಿ ಬರಹ ಬಿಟ್ಟುಹೋಗುವ ಯಂತ್ರವೊಂದರ ಯೋಚನೆಯನ್ನು ಮುಂದಿಟ್ಟರು. ಕ್ಲಬ್ಬಿನ ಗೋಡೆಯಲ್ಲಿ ಚೀಟಿಗಳನ್ನು ಪಿನ್ನಿನಿಂದ ಚುಚ್ಚುವ ಫಲಕವಿತ್ತಲ್ಲ, ಅದೇ ಮಾದರಿ. ಕ್ಲಬ್ಬನ್ನು ಕೇಳಿಕೊಂಡು ಕುಳಿತರೆ ಸಮಿತಿಯ ಕೆಲಸವಾಗಿಬಿಡುತ್ತದೆ, ನಾವಿಬ್ಬರೇ ಮಾಡೋಣ ಎಂಬುದು ಸ್ಯೂಸ್ ಅವರ ನಿಲುವಾಗಿತ್ತು. ಅವರು ಯಂತ್ರಾಂಶ ಜೋಡಿಸಿದರು, ಕ್ರಿಸ್ಟೆನ್‌ಸನ್ ತಂತ್ರಾಂಶ ಬರೆದರು, ಮತ್ತು ಅದೇ ವರ್ಷದ ಫೆಬ್ರವರಿ 16ರಂದು ಸಿಬಿಬಿಎಸ್ (ಕಂಪ್ಯೂಟರೈಸ್ಡ್ ಬುಲೆಟಿನ್ ಬೋರ್ಡ್ ಸಿಸ್ಟಮ್) ಎಂಬ ಆ ಫಲಕ ಅಧಿಕೃತವಾಗಿ ಆರಂಭವಾಯಿತು. ಯಂತ್ರವನ್ನು ನಗರದೊಳಗಿದ್ದ ಸ್ಯೂಸ್ ಅವರ ಮನೆಯಲ್ಲಿಯೇ ಇಟ್ಟದ್ದಕ್ಕೆ ಕಾರಣವಿತ್ತು: ಶಿಕಾಗೋದವರಿಗೆ ಅದು ಸ್ಥಳೀಯ ಕರೆಯಾಗುತ್ತಿತ್ತು. ಇಂಥ ಗುಂಪುಗಳು ಅಮೆರಿಕದಲ್ಲಿ ಅಷ್ಟು ಬೇಗ ಹಬ್ಬಿದ್ದಕ್ಕೆ ಅಗ್ಗದ ಸ್ಥಳೀಯ ಕರೆಯೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ನಮ್ಮಲ್ಲಿ ಆ ದಿನಗಳಲ್ಲಿ ದೂರವಾಣಿ ಸಂಪರ್ಕಕ್ಕೇ ವರ್ಷಗಟ್ಟಲೆ ಕಾಯಬೇಕಿತ್ತು.

ಒಂದೇ ತಂತಿಯಿದ್ದುದರಿಂದ ಒಮ್ಮೆಗೆ ಒಬ್ಬರಷ್ಟೇ ಒಳಬರಲು ಸಾಧ್ಯವಿತ್ತು. ಒಬ್ಬರು ಬರೆದಿಟ್ಟು ಹೋದದ್ದನ್ನು ಮತ್ತೊಬ್ಬರು ಗಂಟೆಗಳ ನಂತರ ಓದಿ ಉತ್ತರಿಸುತ್ತಿದ್ದರು. 1978ರ ನವೆಂಬರಿನಲ್ಲಿ ಇಬ್ಬರೂ ಸೇರಿ ಬೈಟ್ ಪತ್ರಿಕೆಯಲ್ಲಿ ತಮ್ಮ ವ್ಯವಸ್ಥೆಯನ್ನು ವಿವರಿಸಿ ಬರೆದರು, ಮತ್ತು ಬೇರೆ ಊರುಗಳಲ್ಲಿಯೂ ಇಂಥ ಫಲಕಗಳು ಹುಟ್ಟಿಕೊಂಡವು.

ಸಿಬಿಬಿಎಸ್ ಮುಖ್ಯವಾಗಿ ಸಂದೇಶಗಳಿಗಾಗಿ ಇದ್ದ ಫಲಕ. ಅದರ ಜೊತೆಗೆ ಫೈಲುಗಳ ಭಂಡಾರವೂ ಸೇರಿದಾಗ ಗುಂಪುಗಳ ಸ್ವರೂಪವೇ ಬದಲಾಯಿತು. ಮಿಷಿಗನ್ ರಾಜ್ಯದ ಕೀತ್ ಪೀಟರ್ಸನ್ ಮೊದಲಾದವರು, ಸಿಪಿ/ಎಂ ಎಂಬ ಆಗಿನ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಓಡುವ ತಮ್ಮ ಮನೆಯ ಯಂತ್ರವನ್ನೇ ಕರೆಮಾಡಿದವರು ದೂರದಿಂದ ಬಳಸುವ ಏರ್ಪಾಡು ಮಾಡಿದರು. ಕರೆಮಾಡಿದವರು ಫೈಲುಗಳ ಪಟ್ಟಿ ನೋಡಿ, ಬೇಕಾದದ್ದನ್ನು ಎಕ್ಸ್‌ಮೋಡೆಮ್ ಮೂಲಕ ತರಿಸಿಕೊಂಡು, ದೋಷ ಕಂಡರೆ ಸಂದೇಶ ಬರೆದಿಟ್ಟು, ಕೆಲವೊಮ್ಮೆ ತಾವೇ ತಿದ್ದಿದ ಆವೃತ್ತಿಯನ್ನು ಮರಳಿ ಏರಿಸುತ್ತಿದ್ದರು. ಕ್ರಿಸ್ಟೆನ್‌ಸನ್ ಅವರ ಮೂಲ ಪ್ರೋಗ್ರಾಮೇ ಹೀಗೆ ಹಲವರ ಕೈಯಲ್ಲಿ ಬೆಳೆಯಿತು. ಪಡೆದುಕೊಳ್ಳುವುದಷ್ಟೇ ಅಲ್ಲ, ಏನನ್ನಾದರೂ ಕೊಡಲೂಬೇಕು ಎಂಬ ನಿಯಮವನ್ನು ಮುಂದೆ ಅನೇಕ ಸಿಸಾಪ್‌ಗಳು, ಎಂದರೆ ಫಲಕವನ್ನು ತಮ್ಮ ಮನೆಯಿಂದ ತಮ್ಮದೇ ಖರ್ಚಿನಲ್ಲಿ ನಡೆಸುತ್ತಿದ್ದವರು, ಕಟ್ಟುನಿಟ್ಟಾಗಿ ಪಾಲಿಸಿದರು. ಈ ನಿಯಮ ನನಗೆ ಬಹಳ ಒಪ್ಪಿಗೆಯಾಗುತ್ತದೆ, ಏಕೆಂದರೆ ಅದು ಅತಿಥಿಯನ್ನು ಸದಸ್ಯನನ್ನಾಗಿ ಮಾಡುತ್ತಿತ್ತು.

1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನಿಂಗ್ಸ್ ಆರಂಭಿಸಿದ ಫೈಡೋನೆಟ್, ಬಿಡಿಬಿಡಿಯಾಗಿದ್ದ ಈ ಫಲಕಗಳನ್ನು ಒಂದಕ್ಕೊಂದು ಜೋಡಿಸಿತು. ದೂರದ ಕರೆಗಳ ದರ ಇಳಿಯುವ ರಾತ್ರಿಯ ಹೊತ್ತಿನಲ್ಲಿ ಯಂತ್ರಗಳೇ ಪರಸ್ಪರ ಕರೆಮಾಡಿ ಅಂಚೆ ಬದಲಾಯಿಸಿಕೊಳ್ಳುತ್ತಿದ್ದವು. ಕೆಲವೇ ವರ್ಷಗಳಲ್ಲಿ ಡಲ್ಲಾಸಿನ ಜೆಫ್ ರಶ್, ಒಂದು ಫಲಕದಲ್ಲಿ ಬರೆದದ್ದನ್ನು ಉಳಿದ ಫಲಕಗಳಿಗೂ ತಲುಪಿಸುವ ಎಕೋಮೇಲ್ ರೂಪಿಸಿದ ಮೇಲೆ, ವಿಷಯಕ್ಕೊಂದರಂತೆ ಗುಂಪುಗಳು ಊರೂರಿಗೆ ಹರಡಿದವು.

ಈ ಗುಂಪುಗಳಿಗೆ ಎಷ್ಟು ಬಲವಿತ್ತೆಂಬುದು 1988ರ ಒಂದು ವ್ಯಾಜ್ಯದಲ್ಲಿ ಕಾಣುತ್ತದೆ. ತಂತಿಯ ಸಮಯ ಉಳಿಸಲು ಹಲವು ಫೈಲುಗಳನ್ನು ಒಂದಾಗಿ ಕುಗ್ಗಿಸಿಡುವ ಆರ್ಕ್ ಎಂಬ ಪ್ರೋಗ್ರಾಮ್ 1985ರಲ್ಲಿ ಬಂದಿತ್ತು. ಫಿಲ್ ಕಾಟ್ಜ್ ಎಂಬುವರು ಅದಕ್ಕಿಂತ ಬಹಳ ವೇಗವಾಗಿ ಓಡುವ ತಮ್ಮದೇ ಆವೃತ್ತಿ ಬರೆದಾಗ, ಆರ್ಕ್‌ನ ಕಂಪನಿ ಅವರ ಮೇಲೆ ಮೊಕದ್ದಮೆ ಹೂಡಿತು. ವಿಷಯ ರಾಜಿಯಲ್ಲಿ ಮುಗಿಯಿತು, ಕಂಪನಿಯ ವಾದದಲ್ಲಿ ಹುರುಳೂ ಇತ್ತು. ಆದರೆ ಫಲಕಗಳ ಜನರು ಕಾಟ್ಜ್ ಅವರನ್ನು ದೊಡ್ಡದರೆದುರು ನಿಂತ ಚಿಕ್ಕವನೆಂದು ಕಂಡು ಅವರ ಪಕ್ಷ ವಹಿಸಿದರು. ನಿಜದಲ್ಲಿ ಆ ಕಂಪನಿಯೂ ಪುಟ್ಟದೇ ಆಗಿತ್ತು. 1989ರಲ್ಲಿ ಕಾಟ್ಜ್ ಜಿಪ್ ಎಂಬ ಹೊಸ ರೂಪವನ್ನು ತಂದು, ಅದರ ವಿವರಣೆಯನ್ನು ಎಲ್ಲರಿಗೂ ಬಹಿರಂಗಪಡಿಸಿದರು; ಸಿಸಾಪ್‌ಗಳು ತಮ್ಮ ಭಂಡಾರದ ಹಳೆಯ ಆರ್ಕ್ ಫೈಲುಗಳನ್ನು ಬಿಚ್ಚಿ ಜಿಪ್‌ಗೆ ಬದಲಾಯಿಸಿದರು. ಆರ್ಕ್‌ನ ಬಳಕೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.