ಹೊರೇಷಿಯೋ ಹೇಳದೆ ಉಳಿಸಿಕೊಂಡದ್ದು

ಕೇಳುಗರಿಗೆ ನಮಸ್ಕಾರ. ಷೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕವನ್ನು ನಾವು ಸಾಮಾನ್ಯವಾಗಿ ಸೇಡಿನ ಕಥೆಯೆಂದೇ ಓದುತ್ತೇವೆ. ಕುವೆಂಪು ಅವರು ಅದನ್ನು ಬಿದನೂರಿನ ನೆಲಕ್ಕೆ ತಂದು ‘ರಕ್ತಾಕ್ಷಿ’ಯನ್ನು ಬರೆದ ಮೇಲಂತೂ ಒಳಸಂಚಿನ ಆ ಅರಮನೆ ಕನ್ನಡಿಗರಿಗೂ ಪರಿಚಿತವಾಯಿತು. ಇಂದು ನಾನು ಮಾತನಾಡಬೇಕೆಂದಿರುವುದು ಆ ಮೂಲನಾಟಕದಲ್ಲಿ ಮರೆಯಾಗಿರುವ ಒಂದು ಪ್ರೀತಿಯನ್ನು ಕುರಿತು. ರಾಜಕುಮಾರ ಹ್ಯಾಮ್ಲೆಟ್‌ಗೂ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಅವನ ಸಹಪಾಠಿ ಹೊರೇಷಿಯೋಗೂ ನಡುವೆ ಇದ್ದದ್ದನ್ನು ಬರಿಯ ಗೆಳೆತನವೆಂದು ಕರೆದು ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹ್ಯಾಮ್ಲೆಟ್‌ನ ತಂದೆಯನ್ನು ಕೊಂದು ಚಿಕ್ಕಪ್ಪ ರಾಜನಾಗಿ ಕುಳಿತಿರುವ, ಡೆನ್ಮಾರ್ಕಿನ ಎಲ್ಸಿನೋರ್ ಅರಮನೆಯಲ್ಲಿ ಗೋಡೆಗೂ ಕಿವಿ. ಹ್ಯಾಮ್ಲೆಟ್ ಒಫೀಲಿಯಾಳಿಗೆ ಬರೆದ ಪ್ರೇಮಪತ್ರವನ್ನು ಅವಳ ತಂದೆ ಪೊಲೋನಿಯಸ್ ರಾಜ ರಾಣಿಯರ ಮುಂದೆ ಗಟ್ಟಿಯಾಗಿ ಓದುತ್ತಾನೆ, ಓದುತ್ತ ಅದರ ಶೈಲಿಯಲ್ಲಿ ತಪ್ಪನ್ನೂ ಹುಡುಕುತ್ತಾನೆ. ಹ್ಯಾಮ್ಲೆಟ್ ಮತ್ತು ಒಫೀಲಿಯಾ ಮುಖಾಮುಖಿ ಮಾತನಾಡುವಾಗ ರಾಜನೂ ಪೊಲೋನಿಯಸ್ಸನೂ ಮರೆಯಲ್ಲಿ ನಿಂತು ಆಲಿಸುತ್ತಾರೆ. ಬಾಲ್ಯದ ಗೆಳೆಯರಾದ ರೋಸೆನ್‌ಕ್ರಾಂಟ್ಜ್ ಮತ್ತು ಗಿಲ್ಡೆನ್‌ಸ್ಟರ್ನ್ ಬಂದಿರುವುದೂ ರಾಜನ ಪರವಾಗಿ ಅವನ ಮನಸ್ಸನ್ನು ಕೆದಕುವುದಕ್ಕೆ. ಇಂಥ ಕಡೆ ಯಾವ ಪ್ರೀತಿ ಬಾಯಿಬಿಟ್ಟು ಬದುಕೀತು?

ಮೂರನೆಯ ಅಂಕದ ಎರಡನೆಯ ದೃಶ್ಯವನ್ನು ನೋಡಿ. ರಾಜನ ಅಪರಾಧವನ್ನು ಬಯಲಿಗೆಳೆಯಲೆಂದು ಹ್ಯಾಮ್ಲೆಟ್ ಆಡಿಸುವ ನಾಟಕದೊಳಗಿನ ನಾಟಕ ಇನ್ನೇನು ಶುರುವಾಗಬೇಕು, ಗೆಳೆಯರಿಬ್ಬರೇ ಇದ್ದಾರೆ. ತನ್ನ ಆತ್ಮಕ್ಕೆ ಮನುಷ್ಯರನ್ನು ಆರಿಸಿಕೊಳ್ಳುವ ಅರಿವು ಬಂದಂದಿನಿಂದ ಅದು ನಿನ್ನ ಮೇಲೆ ತನ್ನ ಮುದ್ರೆಯೊತ್ತಿದೆ ಎನ್ನುತ್ತಾನೆ ಹ್ಯಾಮ್ಲೆಟ್. ಒಳ್ಳೆಯ ಮನಸ್ಸೊಂದನ್ನು ಬಿಟ್ಟರೆ ಬೇರಾವ ಆಸ್ತಿಯೂ ಇಲ್ಲದ ನಿನ್ನನ್ನು ಹೊಗಳಿ ನನಗೇನು ಲಾಭ ಎಂದು ಕೇಳುತ್ತಾನೆ. ಆವೇಗಗಳಿಗೆ ಗುಲಾಮನಾಗದವನನ್ನು ಎದೆಯ ತಿರುಳಿನಲ್ಲಿ, ಎದೆಯೊಳಗಿನ ಎದೆಯಲ್ಲಿ, ನಿನ್ನನ್ನು ಧರಿಸಿರುವಂತೆಯೇ ಧರಿಸುತ್ತೇನೆ ಎನ್ನುತ್ತಾನೆ. ಅಷ್ಟು ಹೇಳಿದವನು ಥಟ್ಟನೆ, ‘ಇದು ತುಸು ಅತಿಯಾಯಿತು’ ಎಂದು ಮಾತನ್ನು ಕತ್ತರಿಸಿ, ಚಿಕ್ಕಪ್ಪನ ಮುಖದ ಮೇಲೆ ಕಣ್ಣಿಡಬೇಕೆಂಬ ಕೆಲಸದ ವಿಷಯಕ್ಕೆ ಹೊರಳುತ್ತಾನೆ.

ಆ ಕಾಲದ ಗಂಡಸರು ಗೆಳೆಯರನ್ನು ಕುರಿತು ಹೀಗೆಯೇ ಬರೆಯುತ್ತಿದ್ದರು ಎಂಬ ಆಕ್ಷೇಪ ಉಂಟು, ಅದು ನಿಜವೂ ಹೌದು. ತೀರಿಹೋದ ಗೆಳೆಯನಿಗಾಗಿ ಹಂಬಲಿಸಿ ಫ್ರೆಂಚ್ ಲೇಖಕ ಮೊಂಟೇನ್ ಬರೆದ ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾದದ್ದು 1603ರಲ್ಲಿ, ‘ಹ್ಯಾಮ್ಲೆಟ್’ ಮೊದಲು ಅಚ್ಚಾದ ವರ್ಷದಲ್ಲೇ. ಆದರೆ ಎಲ್ಲರೂ ಆಡುವ ರೂಢಿಯ ಮಾತನ್ನು ಆಡಿದವನಿಗೆ ಸಂಕೋಚವೇಕೆ? ತಾನು ತಾನೇ ತಡೆದುಕೊಂಡ ಆ ಅರ್ಧ ಸಾಲಿನಲ್ಲಿ ನನಗೆ ಕೇಳಿಸುವುದು ರೂಢಿಯನ್ನು ಮೀರಿದ ಒಲವು. ಹೊರೇಷಿಯೋ ಇಷ್ಟಕ್ಕೆಲ್ಲ ಪ್ರೀತಿಯ ಒಂದು ಮಾತನ್ನೂ ಮರಳಿಸುವುದಿಲ್ಲ; ರಾಜನ ಮೇಲಿನ ನಿಗಾ ತಪ್ಪಿದರೆ ಹೊಣೆ ನನ್ನದು ಎಂದಷ್ಟೇ ಹೇಳುತ್ತಾನೆ.

ಮುಂದೆ ಇಂಗ್ಲೆಂಡಿನ ದಾರಿಯಲ್ಲಿ ಕಡಲುಗಳ್ಳರ ಕೈಗೆ ಸಿಕ್ಕ ಹ್ಯಾಮ್ಲೆಟ್ ನಾವಿಕರ ಮೂಲಕ ಗೆಳೆಯನಿಗೆ ಪತ್ರ ಕಳಿಸುತ್ತಾನೆ. ‘ನಿನ್ನವನೆಂದು ನೀನು ಬಲ್ಲವನು’ ಎಂದು ಅದರ ಕೊನೆಯ ಒಕ್ಕಣೆ. ಪೊಲೋನಿಯಸ್ ಆಗಲೇ ಸತ್ತಿದ್ದಾನೆ; ಈ ಪತ್ರ ಸೇರಬೇಕಾದ ಕೈಯನ್ನೇ ಸೇರುತ್ತದೆ.

ಕೊನೆಯ ದೃಶ್ಯದಲ್ಲಿ ಹ್ಯಾಮ್ಲೆಟ್‌ನ ಮೈಗೆ ವಿಷ ಏರಿದೆ. ನಾನು ಡೆನ್ಮಾರ್ಕಿನವನಿಗಿಂತ ಹೆಚ್ಚಾಗಿ ಹಳೆಯ ರೋಮಿನವನು ಎನ್ನುತ್ತ, ಬದುಕುಳಿಯುವುದಕ್ಕಿಂತ ತಾವೇ ಸಾವನ್ನು ಆರಿಸಿಕೊಳ್ಳುತ್ತಿದ್ದ ರೋಮನರಂತೆ, ಹೊರೇಷಿಯೋ ಉಳಿದ ವಿಷವನ್ನು ಕುಡಿಯಲು ಬಟ್ಟಲೆತ್ತುತ್ತಾನೆ. ನಾಟಕದುದ್ದಕ್ಕೂ ಸಮಚಿತ್ತದಿಂದಿದ್ದವನು, ಆವೇಗಕ್ಕೆ ಗುಲಾಮನಲ್ಲವೆಂದೇ ಪ್ರೀತಿ ಪಡೆದವನು, ಜೊತೆಗೆ ಸಾಯಲು ಹೊರಟಿದ್ದಾನೆ. ಇದಕ್ಕಿಂತ ದೊಡ್ಡ ನಿವೇದನೆ ಆ ಐದು ಅಂಕಗಳಲ್ಲಿ ನನಗೆ ಕಾಣುವುದಿಲ್ಲ. ಸಾಯುತ್ತಿರುವವನು ಆ ಬಟ್ಟಲನ್ನು ಕಿತ್ತುಕೊಂಡು, ನಿನ್ನ ಎದೆಯಲ್ಲಿ ಎಂದಾದರೂ ನನ್ನನ್ನು ಇಟ್ಟುಕೊಂಡಿದ್ದರೆ ಸಾವಿನ ಸುಖವನ್ನು ಕೆಲಕಾಲ ದೂರವಿಡು, ನೋವಿನಲ್ಲೇ ಉಸಿರಾಡಿ ನನ್ನ ಕಥೆಯನ್ನು ಹೇಳು ಎಂದು ಬೇಡುತ್ತಾನೆ. ತನ್ನ ಎದೆಯಲ್ಲಿ ಅವನಿದ್ದಾನೆಂದು ಹಿಂದೆ ಹೇಳಿದವನು ಈಗ ಅವನ ಎದೆಯಲ್ಲಿ ತಾನಿದ್ದೆನೇ ಎಂದು ಕೇಳುವಂತಿದೆ. ಹೊರೇಷಿಯೋ ಬದುಕಿ ಉಳಿಯುವುದೇ ಆ ಪ್ರಶ್ನೆಗೆ ಉತ್ತರ.

ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ನ ಸೈನ್ಯ ಬರುತ್ತದೆ. ಕೊಟ್ಟ ಮಾತಿನಂತೆ ಹೊರೇಷಿಯೋ ಕಥೆ ಹೇಳಲು ನಿಲ್ಲುತ್ತಾನೆ. ರಕ್ತಪಾತ, ಅಧರ್ಮ, ಆಕಸ್ಮಿಕ ಕೊಲೆಗಳು, ಹೂಡಿದವರ ತಲೆಗೇ ತಿರುಗಿಬಿದ್ದ ಸಂಚುಗಳು, ಎಲ್ಲವನ್ನೂ ತಿಳಿಸುವೆನೆಂದು ಎಣಿಸುತ್ತಾನೆ. ಆ ಪಟ್ಟಿಯಲ್ಲಿ ತನ್ನನ್ನು ಕುರಿತು, ಎದೆಯೊಳಗಿನ ಎದೆಯನ್ನು ಕುರಿತು, ಒಂದಕ್ಷರವನ್ನೂ ಅವನು ಸೇರಿಸುವುದಿಲ್ಲ.