ಮುಧೋಳ ನಾಯಿ ನಿಮ್ಮ ಮನೆಗೆ ಹೊಂದುತ್ತದೆಯೇ?

[ದೃಶ್ಯ: ಕೊಯ್ಲು ಮುಗಿದ ಜೋಳದ ಹೊಲದಲ್ಲಿ ಓಡುತ್ತಿರುವ ಮುಧೋಳ ನಾಯಿ]

ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆ ನಾಯಿಗೆ ಇಂದು ದೇಶದ ತುಂಬ ಹೆಸರಿದೆ. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದ ಈ ತಳಿಯ ಅಂಚೆಚೀಟಿ 2005ರಲ್ಲಿ ಬಂದಿತು. 2016ರಲ್ಲಿ ಭಾರತೀಯ ಸೇನೆ ಇದರ ಮರಿಗಳನ್ನು ಮೀರತ್‌ನ ತರಬೇತಿ ಕೇಂದ್ರಕ್ಕೆ ಕರೆದೊಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ಇದನ್ನು ಹೆಸರಿಸಿ, ದೇಸಿ ನಾಯಿಗಳನ್ನು ಸಾಕಿರೆಂದು ಹೇಳಿದರು. ನಮ್ಮ ನೆಲದ ನಾಯಿಯೆಂಬ ಹೆಮ್ಮೆಯಿಂದ ಮರಿ ತರಲು ಹೊರಡುವವರನ್ನು ಆಕ್ಷೇಪಿಸಲು ನನಗೆ ಮನಸ್ಸಿಲ್ಲ. ಆದರೆ ಮಳೆ ಹಿಡಿದ ಜುಲೈ ತಿಂಗಳ ಬೆಳಗಿನಲ್ಲಿ ನಾಯಿಯನ್ನು ಮೈದಾನಕ್ಕೆ ಕರೆದೊಯ್ಯಬೇಕಾದದ್ದು ಹೆಮ್ಮೆಯಲ್ಲ, ಮನೆಯವರಲ್ಲಿ ಯಾರಾದರೊಬ್ಬರು.

ಯಾವ ಗುಣಗಳಿಗಾಗಿ ಈ ನಾಯಿಯನ್ನು ಹೊಗಳುತ್ತೇವೆಯೋ, ಸಂಸಾರದ ಮನೆಯಲ್ಲಿ ತೊಡಕಾಗುವುದೂ ಅವೇ ಗುಣಗಳು. ಆದ್ದರಿಂದ ನಾಯಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಪ್ರಯೋಜನವಿಲ್ಲ; ಆ ಗುಣಗಳಿಗೆ ನಮ್ಮ ಮನೆಯಲ್ಲಿ ಎಡೆಯಿದೆಯೇ ಎಂದು ನೋಡಬೇಕು.

[ದೃಶ್ಯ: ನಾಯಿಯ ಉದ್ದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ]

ಮೊದಲನೆಯದು ಓಟ. ಮೂಸುತ್ತ ಜಾಡು ಹಿಡಿಯುವ ನಾಯಿಗಳೇ ಬೇರೆ; ಮುಧೋಳ ನಾಯಿ ಬೇಟೆಯನ್ನು ಕಣ್ಣಿನಿಂದ ಕಂಡು ಬೆನ್ನಟ್ಟಿ ಹಿಡಿಯುವ ಜಾತಿಗೆ ಸೇರಿದ್ದು. ಅದಕ್ಕೆಂದೇ ಅದರ ಕಾಲು ಉದ್ದ, ಮೈ ತೆಳು, ಎದೆ ಆಳ. ದೂರದಲ್ಲಿ ಏನಾದರೂ ಸರಕ್ಕನೆ ಅಲುಗಿದರೆ, ಯಾರ ಅಪ್ಪಣೆಗೂ ಕಾಯದೆ ಅದು ಹೊರಟುಬಿಡುತ್ತದೆ, ಮತ್ತು ಒಮ್ಮೆ ಓಟ ಹಿಡಿದ ಮೇಲೆ ಒಡೆಯನ ಕೂಗು ಅದರ ಕಿವಿಗೆ ಬೀಳುವುದು ಅಪರೂಪ. ಹಳ್ಳಿಯ ಬಯಲಿನಲ್ಲಿ ಮೆಚ್ಚುಗೆ ಗಳಿಸುವ ಈ ಚುರುಕು, ಬೈಕು, ಬಸ್ಸುಗಳು ಓಡಾಡುವ ಬೀದಿಯಲ್ಲಿ ಅದರ ಪ್ರಾಣಕ್ಕೇ ಕುತ್ತು. ಹಾಗಾಗಿ ಬೇಲಿಯಿಲ್ಲದ ಜಾಗದಲ್ಲಿ ಇದನ್ನು ಬಿಡುವಂತಿಲ್ಲ. ಎಷ್ಟು ಚೆನ್ನಾಗಿ ಕಲಿಸಿದ್ದರೂ ಬಿಡುವಂತಿಲ್ಲ ಎಂಬುದು ನನ್ನ ಅಭಿಪ್ರಾಯ. ಇದರ ತಲೆ ಕಿರಿದು, ಕೊರಳು ಅದಕ್ಕಿಂತ ಅಷ್ಟೇನೂ ತೆಳುವಲ್ಲ. ಸಾಮಾನ್ಯ ಕೊರಳಪಟ್ಟಿಯಿಂದ ಹಿಂದಕ್ಕೆ ಜಗ್ಗಿ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಎಳೆದಾಗ ತಕ್ಕಷ್ಟೇ ಬಿಗಿಯಾಗುವ ಅಗಲವಾದ ಪಟ್ಟಿ ಬೇಕು, ಇಲ್ಲವೇ ಎದೆಗೆ ಸರಿಯಾಗಿ ಹೊಂದುವ ಬೆಲ್ಟು ಬೇಕು.

ಅಪಾರ್ಟ್‌ಮೆಂಟಿನಲ್ಲಿ ಸಾಕಲಾಗದು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ದಿನಕ್ಕೊಮ್ಮೆಯಾದರೂ ಮನದಣಿಯೆ ಓಡಿದ ಮುಧೋಳ ನಾಯಿ ಮನೆಯೊಳಗೆ ಸದ್ದಿಲ್ಲದೆ ಬಹುಹೊತ್ತು ಮಲಗಿರುತ್ತದೆ. ಹತ್ತಿರದಲ್ಲಿ ಎತ್ತರದ ಗೋಡೆಯಿರುವ ಮೈದಾನವೊಂದಿದ್ದು, ಅಲ್ಲಿಗೆ ನಿತ್ಯ ಕರೆದೊಯ್ಯುವವರಿದ್ದರೆ ಎರಡು ಕೋಣೆಯ ಮನೆಯೂ ಸಾಕು. ಅದೇ, ದೊಡ್ಡ ತೋಟದ ಮನೆಯಲ್ಲಿ ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿದರೆ ಅದು ಗೀಳು ಹಿಡಿದಂತೆ ಬೊಗಳುವುದನ್ನೂ ಸಿಕ್ಕಿದ್ದನ್ನೆಲ್ಲ ಕಚ್ಚಿ ಹಾಳುಮಾಡುವುದನ್ನೂ ಕಲಿಯುತ್ತದೆ.

ಮನೆಯಲ್ಲಿ ಕೋಳಿ, ಬೆಕ್ಕು, ಮೊಲಗಳಿದ್ದರೆ ನಾನು ಈ ತಳಿ ಬೇಡವೆಂದೇ ಹೇಳುತ್ತೇನೆ. ಮರಿಯಿಂದಲೇ ಒಟ್ಟಿಗೆ ಬೆಳೆದ ಬೆಕ್ಕನ್ನು ಸಹಿಸಿಕೊಳ್ಳುವ ನಾಯಿಗಳಿವೆ, ನಿಜ. ಆದರೆ ಅದೇ ನಾಯಿ ಪಕ್ಕದ ಮನೆಯ ಬೆಕ್ಕನ್ನು ಬಿಟ್ಟುಬಿಡುತ್ತದೆಂಬ ಭರವಸೆಯಿಲ್ಲ. ಬೇಟೆಯ ನಾಯಿಯಲ್ಲವೇ, ಊರಿಗೆ ಹೋದಾಗ ಮೊಲ ಹಿಡಿಸೋಣ ಎಂದುಕೊಂಡವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನಪಿಡಬೇಕು.

[ದೃಶ್ಯ: ಬಾಗಿಲ ಬಳಿ ಅತಿಥಿಗಳು, ದೂರ ನಿಂತು ನೋಡುತ್ತಿರುವ ನಾಯಿ]

ಹೆಚ್ಚಿನ ಮನೆಗಳಲ್ಲಿ ತೊಂದರೆ ಹುಟ್ಟುವುದು ಓಟದಿಂದಲ್ಲ, ಸ್ವಭಾವದಿಂದ. ಮುಧೋಳ ನಾಯಿ ತನ್ನವರಿಗೆ ಅಂಟಿಕೊಂಡಿರುತ್ತದೆ, ಹೊರಗಿನವರನ್ನು ಬೇಗ ನಂಬುವುದಿಲ್ಲ. ಅಪರಿಚಿತರು ಮುಟ್ಟುವುದು, ತಲೆ ಸವರುವುದು ಅದಕ್ಕೆ ಸೇರದು. ಕಾವಲಿಗೆ ಇದು ಒಳ್ಳೆಯ ಗುಣವೇ. ಆದರೆ ದಿನವೂ ಹಾಲಿನವರು, ಕೆಲಸದವರು, ಪಾರ್ಸೆಲ್ ತರುವವರು, ಟ್ಯೂಷನ್‌ಗೆ ಬರುವ ಮಕ್ಕಳು, ಹಬ್ಬಕ್ಕೆ ನೆಂಟರು ಹೀಗೆ ಬಂದುಹೋಗುವವರಿಂದ ತುಂಬಿರುವ ಮನೆಯಲ್ಲಿ ಈ ಗುಣವಿರುವ ನಾಯಿ ಸದಾ ಬಿಗಿದುಕೊಂಡೇ ಇರಬೇಕಾಗುತ್ತದೆ. ಹೆದರಿದ ನಾಯಿ ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಮೈ ಸೆಟೆಸುತ್ತದೆ, ಆಮೇಲೆ ಗುರುಗುಟ್ಟುತ್ತದೆ. ಇವನ್ನೆಲ್ಲ ಯಾರೂ ಗಮನಿಸದಿದ್ದಾಗ ಕಚ್ಚುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯುವವರು ಆ ಕೊನೆಯ ಎಚ್ಚರಿಕೆಯನ್ನೂ ತಾವೇ ಅಳಿಸಿಹಾಕುತ್ತಾರೆ.

ಚಿಕ್ಕ ಮಕ್ಕಳ ವಿಷಯಕ್ಕೆ ಬಂದರೆ, ಕಿರುಚುತ್ತ ಓಡುವ ಮಗು ಬೆನ್ನಟ್ಟುವ ನಾಯಿಯನ್ನು ಕೆರಳಿಸುತ್ತದೆ. ಮಲಗಿದ ನಾಯಿಯ ಮೇಲೆ ಬೀಳುವ ಮಗು ಅದನ್ನು ಬೆಚ್ಚಿಬೀಳಿಸುತ್ತದೆ. ಕೈಯಿಂದ ಮುಟ್ಟಿ ಎಬ್ಬಿಸದೆ ಹೆಸರು ಹಿಡಿದು ಎಬ್ಬಿಸಬೇಕೆಂದು ತಿಳಿಯುವ ವಯಸ್ಸು ಮಕ್ಕಳಿಗೆ ಬರುವವರೆಗೆ ಕಾಯುವುದು ಮೇಲು. ಯಾವ ತಳಿಯ ನಾಯಿಯಾದರೂ ಸರಿ, ಸಣ್ಣ ಮಗುವಿನೊಂದಿಗೆ ಅದನ್ನು ಒಂಟಿಯಾಗಿ ಬಿಡಬಾರದು.

ಆರೈಕೆಯಲ್ಲಿ ಈ ನಾಯಿ ಅಷ್ಟೇನೂ ಕಾಡುವುದಿಲ್ಲ. ತುಪ್ಪಳ ಗಿಡ್ಡ, ನಮ್ಮ ಬಿಸಿಲೂ ಅದಕ್ಕೆ ಹೊಸದಲ್ಲ. ಪಕ್ಕೆಲುಬು ತುಸು ಕಾಣುವುದು ಸಹಜವಾದ್ದರಿಂದ, ಬಡಕಲಾಗಿದೆ ಎಂದು ಅಕ್ಕಪಕ್ಕದವರು ಮರುಗಿದರೂ ಕೊಬ್ಬಿಸಬೇಡಿ. ಎದೆ ಆಳವಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ, ಊಟವಾದ ಕೂಡಲೇ ಓಡಿಸಬಾರದು. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ನಾಯಿಗಳು ಕೆಲವು ಅರಿವಳಿಕೆ ಔಷಧಗಳಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಗೆ ಮೊದಲು ಪಶುವೈದ್ಯರಿಗೆ ತಳಿಯನ್ನು ನೆನಪಿಸಿ.

[ದೃಶ್ಯ: ತಾಯಿ ನಾಯಿ ಮತ್ತು ಮರಿಗಳು]

ಇಷ್ಟೆಲ್ಲ ಯೋಚಿಸಿದ ಮೇಲೂ ಬೇಕೆನಿಸಿದರೆ, ಮೊದಲು ಬೆಳೆದ ನಾಯಿಗಳನ್ನು ನೋಡಿ ಬನ್ನಿ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರಿನಿಂದ ಸಾಕುತ್ತಿರುವ ಮನೆತನಗಳಿವೆ. 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಲ್ಲಿಂದ ಮುಂದಿನ ಕೆಲವೇ ವಾರಗಳಲ್ಲಿ, ಲಸಿಕೆಗಳು ಮುಗಿಯುವವರೆಗೆ ಕೈಯಲ್ಲಿ ಎತ್ತಿಕೊಂಡಾದರೂ, ಬಗೆಬಗೆಯ ಜನರನ್ನೂ ಸದ್ದುಗಳನ್ನೂ ಮರಿಗೆ ಪರಿಚಯಿಸಬೇಕು. ಈ ಕಾಲ ಕಳೆದುಹೋದರೆ ಅಪನಂಬಿಕೆ ಗಟ್ಟಿಯಾಗುತ್ತದೆ. ಮರಿಯ ಬಣ್ಣ ಆರಿಸುವ ಮೊದಲು ತಾಯಿಯನ್ನು ನೋಡಲು ಕೇಳಿ. ನಿಮ್ಮನ್ನು ಕಂಡು ಅದು ದೂರ ನಿಂತು ಗಮನಿಸುತ್ತಿದ್ದು, ಸ್ವಲ್ಪ ಹೊತ್ತಿನಲ್ಲಿ ತನ್ನ ಪಾಡಿಗೆ ತಾನು ಮಲಗಿದರೆ ಅದು ತಳಿಯ ಸಹಜ ಸ್ವಭಾವ. ಮರಿಗಳಿಂದ ಬೇರೆಯಾಗಿದ್ದಾಗಲೂ ಮೂಲೆಯಲ್ಲಿ ಮುದುಡಿ ನಡುಗುತ್ತಿದ್ದರೆ, ಅಥವಾ ಒಡೆಯ ಹಿಡಿದಿದ್ದರೂ ಮೇಲೆ ಎರಗಲು ಹವಣಿಸುತ್ತಿದ್ದರೆ, ಆ ತಾಯಿಯ ಮರಿಯನ್ನು ಬಿಟ್ಟು ಬೇರೆ ಕಡೆ ನೋಡಿ.