ಒಂದು ಮನೆ, ನಾಲ್ಕು ಇಲಾಖೆ

ಎಲ್ಲರಿಗೂ ನಮಸ್ಕಾರ.

ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯ ಓದುವ ಹುಡುಗ ಹುಡುಗಿಯರು ಎಲ್ಲ ಒಂದೇ ಕಡೆ ಕೂತಿದ್ದೀರಿ. ಇದೇ ದೊಡ್ಡ ವಿಷಯ. ಊಟಕ್ಕೆ ಮುಂಚೆ ನನ್ನ ಮಾತು ಇಟ್ಟಿದ್ದಾರೆ, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ಮಾನಸಿಕ ಕಾಯಿಲೆ, ಕುಡಿತ, ಅಂಗವೈಕಲ್ಯ ಈ ಮೂರನ್ನೂ ಒಟ್ಟಿಗೆ ಹಿಡಿದುಕೊಂಡು ಕೆಲಸ ಮಾಡುವ ಸಣ್ಣ ಸಂಸ್ಥೆಗಳು ಯಾಕೆ ಬೇಕು? ನಾನು ಮಾತಾಡುವುದು ಅಷ್ಟೇ.

ಒಂದು ಮನೆಯ ವಿಷಯ ಹೇಳುತ್ತೇನೆ. ಮೂರ್ನಾಲ್ಕು ಮನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಯಾರ ಗುರುತೂ ಸಿಗಬಾರದು ಅಂತ. ಅಪ್ಪ ದಿನಾ ಕುಡಿಯುತ್ತಾನೆ. ದೊಡ್ಡ ಮಗನಿಗೆ ಇಪ್ಪತ್ತೆರಡು ವರ್ಷಕ್ಕೆ ಕಾಯಿಲೆ ಶುರುವಾಯಿತು. ಒಬ್ಬನೇ ಮಾತಾಡುತ್ತಾನೆ, ಸ್ನಾನ ಬಿಟ್ಟಿದ್ದಾನೆ, ಊಟದಲ್ಲಿ ವಿಷ ಹಾಕಿದ್ದಾರೆ ಅನ್ನುತ್ತಾನೆ. ಚಿಕ್ಕ ಮಗಳಿಗೆ ಹುಟ್ಟಿನಿಂದ ಬುದ್ಧಿಮಾಂದ್ಯತೆ, ಜೊತೆಗೆ ಫಿಟ್ಸ್. ಇವರೆಲ್ಲರನ್ನೂ ನೋಡಿಕೊಳ್ಳುವುದು ತಾಯಿ ಒಬ್ಬಳೇ, ಕೂಲಿಗೂ ಹೋಗಬೇಕು. ಆಕೆಗೆ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತೆ. ಆದರೆ ಆಕೆಯನ್ನು ಯಾರೂ ರೋಗಿ ಅಂತ ಲೆಕ್ಕಕ್ಕೇ ಹಿಡಿದಿಲ್ಲ.

ಈಗ ಈ ಮನೆಯನ್ನು ಸರ್ಕಾರದ ಕಡೆಯಿಂದ ನೋಡಿ. ಮಗ ಆರೋಗ್ಯ ಇಲಾಖೆಗೆ ಸೇರಿದವನು. ಮಗಳು ವಿಕಲಚೇತನರ ಇಲಾಖೆಗೆ. ಅಪ್ಪನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಬೇಕಾದರೆ ಅದಕ್ಕೆ ಅನುದಾನ ಬರುವುದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದಿಂದ. ಇನ್ನು ಅಪ್ಪ ಕುಡಿಯುವ ಪ್ಯಾಕೆಟ್ಟು ಅಬಕಾರಿ ಇಲಾಖೆಯ ಲೆಕ್ಕ. ಆ ಇಲಾಖೆಯಿಂದ ನಮ್ಮ ರಾಜ್ಯದ ಖಜಾನೆಗೆ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಜಾಸ್ತಿ ಬರುತ್ತದೆ. ನಾಲ್ಕು ಇಲಾಖೆಗಳಲ್ಲಿ ಯಾವ ಬಾಗಿಲೂ ಮುಚ್ಚದೆ ನಡೆಯುವುದು ಅದೊಂದೇ. ಇರಲಿ ಬಿಡಿ, ಅದು ಬೇರೆ ದಿನದ ಭಾಷಣ.

ಆ ತಾಯಿ ಒಂದು ದಿನದ ಕೂಲಿ ಬಿಟ್ಟು ಎಷ್ಟು ಆಫೀಸಿಗೆ ಅಲೆಯಬೇಕು ಹೇಳಿ? ಮನೆ ಒಂದೇ ಅನ್ನುವುದನ್ನು ನೆನಪಿಟ್ಟುಕೊಂಡು ಬಾಗಿಲು ತಟ್ಟುವವರು ಬೇಕಾಗುವುದು ಇದಕ್ಕೇ.

ಈ ಯೋಚನೆ ನಮ್ಮ ನಾಡಿಗೆ ಹೊಸದೇನಲ್ಲ. ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪಕ್ಕೆ ಬಂತು. ಅದಾದ ಸ್ವಲ್ಪ ದಿನಕ್ಕೇ ಅಲ್ಲಿನ ಡಾಕ್ಟರುಗಳಿಗೆ ಒಂದು ಅರ್ಥವಾಯಿತು. ಬೆಂಗಳೂರಿನಲ್ಲಿ ಕೂತರೆ ಹಳ್ಳಿಯ ರೋಗಿ ಬರುವುದಿಲ್ಲ. ಬಂದರೂ ಎಲ್ಲ ದೇವಸ್ಥಾನ ಸುತ್ತಿ, ಇದ್ದಬದ್ದದ್ದು ಮಾರಿ, ಕೊನೆಗೆ ಬರುತ್ತಾನೆ. ಅಲ್ಲಿನ ಮನೋವೈದ್ಯ ಡಾ. ಆರ್.ಎಲ್. ಕಪೂರ್ ಅವರ ಕಾಲದಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾಯಿತು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಕೇಂದ್ರ ಮಾಡಿದರು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಸಹಾಯಕಿಯರಿಗೆ ತರಬೇತಿ ಕೊಟ್ಟು ನೋಡಿದರು. ತೀವ್ರ ಮಾನಸಿಕ ಕಾಯಿಲೆ ಗುರುತಿಸುವುದು, ಫಿಟ್ಸ್ ಗುರುತಿಸುವುದು, ನಾಲ್ಕೈದು ಬಗೆಯ ಮಾತ್ರೆ ಕೊಡುವುದು. ಇದು ಆಗುತ್ತೆ ಅಂತ ಖಾತ್ರಿಯಾಯಿತು. ಆಮೇಲೆ 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. ಆ ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಮ್ಮ ಬಳ್ಳಾರಿ ಅಂದರೆ ಗಣಿ ಮಾತ್ರ ಅಂದುಕೊಂಡವರಿಗೆ ಇದನ್ನೂ ಹೇಳಿ.

ಸರ್ಕಾರೇತರ ಸಂಸ್ಥೆಗಳು ಇನ್ನೂ ಮುಂಚೆಯೇ ಕೆಲಸ ಶುರು ಮಾಡಿದ್ದವು. ಪೋಲಿಯೊ ಆಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎಪಿಡಿ ಅನ್ನುವ ಸಂಸ್ಥೆ ಕಟ್ಟಿದರು. 1964ರಲ್ಲಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ಬಂತು. ಆಸ್ಪತ್ರೆಯಿಂದ ಹೊರಗೆ ಬಂದು, ಮನೆಗೆ ಹೋಗಲು ಇನ್ನೂ ತಯಾರಿಲ್ಲದವರಿಗೆ ಅವರು ಹಾಫ್‌ವೇ ಹೋಮ್ ಮಾಡಿದರು. ಆಮೇಲೆ 1986ರಲ್ಲಿ, ಮಾನಸಿಕ ಕಾಯಿಲೆಯವರ ಪುನರ್ವಸತಿಗೆ ರಿಚ್ಮಂಡ್ ಫೆಲೋಶಿಪ್ ಬಂತು. ಇವೆಲ್ಲ ಒಳ್ಳೆಯ ಕೆಲಸವೇ, ಆದರೆ ಹೆಚ್ಚಾಗಿ ಬೆಂಗಳೂರಿನವು.

ಹಳ್ಳಿಯ ಕಡೆ ಬೇರೆಯದೇ ದಾರಿ ತೆರೆಯಿತು. 2000ದ ಸುಮಾರಿಗೆ ಬೇಸಿಕ್ ನೀಡ್ಸ್ ಅನ್ನುವ ಸಂಸ್ಥೆ ಬೆಂಗಳೂರಿನಿಂದ ಕೆಲಸ ಶುರು ಮಾಡಿತು. ಅವರು ಸ್ವಂತ ಆಸ್ಪತ್ರೆ ಕಟ್ಟಲಿಲ್ಲ. ತಾಲ್ಲೂಕುಗಳಲ್ಲಿ ಆಗಲೇ ಅಂಗವಿಕಲರ ಜೊತೆ ಕೆಲಸ ಮಾಡುತ್ತಿದ್ದ ಸಂಸ್ಥೆಗಳ ಜೊತೆ ಸೇರಿದರು. ಕಾಲಿಗೆ ಆಸರೆಯಾಗಿ ಹಾಕುವ ಕ್ಯಾಲಿಪರ್ ಅಳತೆ ತೆಗೆಯಲು, ಪಿಂಚಣಿ ಅರ್ಜಿ ಬರೆಯಲು ಆ ಸಂಸ್ಥೆಗಳ ಕಾರ್ಯಕರ್ತರು ಮನೆಮನೆಗೆ ಹೋಗುತ್ತಿದ್ದರು. ಹಿತ್ತಲಿನಲ್ಲಿ ಕಟ್ಟಿಹಾಕಿದ ಮನುಷ್ಯನನ್ನು ಅವರು ನೋಡಿರುತ್ತಿದ್ದರು. ಏನು ಮಾಡಬೇಕು ಅಂತ ಗೊತ್ತಿರಲಿಲ್ಲ, ಅಷ್ಟೇ. ಹೊಸ ಜನ ಬೇಕಾಗಲಿಲ್ಲ, ಹೋಗುತ್ತಿದ್ದವರಿಗೇ ತರಬೇತಿ ಸಾಕಾಯಿತು. ನನ್ನ ಮಟ್ಟಿಗೆ ಕಳೆದ ಇಪ್ಪತ್ತೈದು ವರ್ಷದಲ್ಲಿ ಈ ಕ್ಷೇತ್ರದಲ್ಲಿ ಬಂದ ಅತಿ ಜಾಣ ಉಪಾಯ ಇದು.

ಕಟ್ಟಿಹಾಕುವ ಮಾತು ಬಂತು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗ್ಗೆ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ ಇತ್ತು. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈಗ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಆದರೆ ಮಗನನ್ನು ಮನೆಯಲ್ಲಿ ಕಟ್ಟಿಹಾಕಿದ ತಾಯಿಯ ಮುಂದೆ ಹೋಗಿ ಕಾಯ್ದೆ ಓದಿದರೆ ಏನು ಪ್ರಯೋಜನ? ಆಕೆ ಕೂಲಿಗೆ ಹೋದಾಗ ಮಗ ಬಾವಿಗೆ ಬಿದ್ದರೆ ಅಂತ ಹೆದರಿ ಕಟ್ಟಿರುತ್ತಾಳೆ. ಮೊದಲು ಔಷಧಿ ಬೇಕು, ಹಗಲು ನೋಡಿಕೊಳ್ಳುವವರು ಬೇಕು. ಹಗ್ಗ ಆಮೇಲೆ ತಾನಾಗಿ ಬಿಚ್ಚುತ್ತೆ.

ಕೆಲಸ ಹೇಗೆ ನಡೆಯುತ್ತೆ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಮೊದಲ ಸಲ ಹೋದಾಗ ಕಾಯಿಲೆಯ ಮಾತು ಎತ್ತಬೇಡಿ. ಜಗಲಿ ಮೇಲೆ ಕೂತುಕೊಳ್ಳಿ. ಮಳೆ, ರಾಗಿ, ರೇಷನ್ ಮಾತಾಡಿ. ತಾಯಿ ತಾನೇ ಹೇಳುತ್ತಾಳೆ: "ಏನ್ ಮಾಡ್ಲಿ ಮೇಡಮ್ಮೋರೆ, ಗಾಳಿ ಸೋಕೈತೆ ಅಂತಾರೆ. ಗಾಣಗಾಪುರಕ್ಕೂ ಹೋಗಿ ಬಂದ್ವಿ." ಆಗ "ಅದೆಲ್ಲ ಮೂಢನಂಬಿಕೆ" ಅಂದರೆ ಕೆಲಸ ಅಲ್ಲಿಗೇ ಮುಗಿಯಿತು. "ಹೋಗಿ ಬನ್ನಿ ಅಕ್ಕ, ದೇವರಿಗೂ ಹೇಳಿಕೊಳ್ಳಿ, ಮಾತ್ರೆನೂ ಕೊಡಿಸೋಣ" ಅನ್ನಿ. ತಾಯತ ಬಿಚ್ಚಿಸುವುದು ನಮ್ಮ ಕೆಲಸ ಅಲ್ಲ.

ಮಾತ್ರೆ ಶುರುವಾದ ಮೇಲೆ ನಿಜವಾದ ಕಷ್ಟ. ಎರಡು ತಿಂಗಳಲ್ಲಿ ಹುಡುಗ ಸ್ನಾನ ಮಾಡುತ್ತಾನೆ, ಹೊಲಕ್ಕೆ ಹೋಗುತ್ತಾನೆ. "ವಾಸಿ ಆಯ್ತು" ಅಂತ ಮಾತ್ರೆ ನಿಲ್ಲಿಸುತ್ತಾರೆ. ಇಲ್ಲವೇ ಕೈ ನಡುಗುತ್ತೆ, ನಾಲಿಗೆ ದಪ್ಪ ಆದ ಹಾಗೆ ಆಗುತ್ತೆ, ಹೆದರಿ ನಿಲ್ಲಿಸುತ್ತಾರೆ. ನಡುಕಕ್ಕೆ ಬೇರೆ ಮಾತ್ರೆ ಇದೆ ಅಂತ ಯಾರೂ ಹೇಳಿರುವುದಿಲ್ಲ. ಇಲ್ಲವೇ ಆಸ್ಪತ್ರೆಯಲ್ಲಿ "ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬನ್ನಿ." ಆ ಒಂದು ವಾರ ಒಂದು ತಿಂಗಳಾಗುತ್ತೆ. ಮೂರು ತಿಂಗಳಿಗೆ ಹುಡುಗ ಮತ್ತೆ ಮೊದಲಿನ ಹಾಗೆ. ಮಾತ್ರೆ ನುಂಗದವರಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಂದು ಇಂಜೆಕ್ಷನ್ ಇದೆ. ಅದನ್ನು ಕೊಡಿಸಲು ಕರೆದುಕೊಂಡು ಬರುವವರು ಬೇಕು. ನಮ್ಮ ಸಂಸ್ಥೆಯ ಕಾರ್ಯಕರ್ತೆಯ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇರುತ್ತೆ. ಯಾರ ಇಂಜೆಕ್ಷನ್ ಯಾವತ್ತು, ಯಾರ ಮಾತ್ರೆ ಯಾವ ದಿನಕ್ಕೆ ಮುಗಿಯುತ್ತೆ. ಸಂಸ್ಥೆಯ ಅಷ್ಟೂ ಕೆಲಸ ಆ ನೋಟ್‌ಬುಕ್ಕಿನಲ್ಲಿದೆ ಅಂದರೆ ಸುಳ್ಳಲ್ಲ.

ಇದು ಬರೀ ನಮ್ಮ ಅನುಭವ ಅನ್ನಬೇಡಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಮಾತು ಕೇಳಿಸುವ, ಇಲ್ಲದ ಅನುಮಾನ ಬರುವ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಮನೆಮನೆಯಲ್ಲಿ ಹುಡುಕಿ ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ಔಷಧಿ ಬಿಡದೆ ತೆಗೆದುಕೊಂಡವರ ದಿನನಿತ್ಯದ ಕೆಲಸ, ದುಡಿಮೆ ಸುಧಾರಿಸಿದ್ದನ್ನು ಅಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಈಗ ಕುಡಿತ. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇಲ್ಲಿ ಕೂತಿರುವ ಹೆಂಗಸರಲ್ಲಿ ಅರ್ಧ ಜನ ಇದನ್ನೇ ಕೇಳಲು ಬಂದಿದ್ದೀರಿ, ಅಲ್ವಾ?

2019ರಲ್ಲಿ ದೇಶದ ಮಾದಕ ವಸ್ತು ಬಳಕೆಯ ಸಮೀಕ್ಷೆ ಪ್ರಕಟವಾಯಿತು. 10ರಿಂದ 75 ವರ್ಷದವರಲ್ಲಿ ಶೇ. 14.6 ಜನ ಮದ್ಯ ಕುಡಿಯುತ್ತಾರೆ. ಕುಡಿತಕ್ಕೆ ಅಂಟಿಕೊಂಡವರಲ್ಲಿ ಚಿಕಿತ್ಸೆ ಅಂತ ಏನಾದರೂ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಉಳಿದ 37 ಜನರಿಗೆ ಸಿಕ್ಕಿದ್ದು ಏನು? ಬೈಗುಳ, ಆಣೆ, ಪುಡಿ.

ಆ ಪುಡಿಯ ವಿಷಯ ಹೇಳಲೇಬೇಕು. "ಕುಡಿತ ಬಿಡಿಸುವ ಔಷಧಿ, ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ" ಅಂತ ಗೋಡೆಗಳ ಮೇಲೆ ಬರೆದಿರುತ್ತಾರೆ. ಕೆಲವದರಲ್ಲಿ ಏನಿದೆ ಅಂತ ದೇವರೇ ಬಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆಯನ್ನೂ ಹೀಗೆ ಕದ್ದು ಬೆರೆಸುವವರಿದ್ದಾರೆ. ಅದು ಡಾಕ್ಟರು ಕೊಡುವ ಮಾತ್ರೆಯೇ. ಆದರೆ ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರುತ್ತೆ, ವಾಂತಿಯಾಗುತ್ತೆ, ಬಿಪಿ ಇಳಿದುಹೋಗುತ್ತೆ. ಪ್ರಾಣವೂ ಹೋಗಬಹುದು. ಕುಡಿಯುವವನಿಗೆ ಗೊತ್ತಿದ್ದು, ಅವನು ಒಪ್ಪಿ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ದಯವಿಟ್ಟು ಕದ್ದು ಕೊಡಬೇಡಿ.

ಇನ್ನೊಂದು. ದಿನಾ ಬೆಳಗ್ಗೆಯಿಂದಲೇ ಕುಡಿಯುವವರು ಆಣೆ ಇಟ್ಟು ದಿಢೀರನೆ ನಿಲ್ಲಿಸಿದರೆ ಎಲ್ಲರೂ ಖುಷಿ ಪಡುತ್ತೇವೆ. ಆದರೆ ಅಪಾಯ ಶುರುವಾಗುವುದೇ ಆಗ. ಮೊದಲು ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ ಮೂರನೆಯ ದಿನ ಇಲ್ಲದ ಜನ, ಹಾವು, ಹುಳ ಕಾಣಿಸುತ್ತೆ, ಹೊತ್ತುಗೊತ್ತು ತಿಳಿಯುವುದಿಲ್ಲ. ಮನೆಯವರು ದೆವ್ವ ಬಡಿಯಿತು ಅಂತ ಬೇವಿನ ಸೊಪ್ಪು ಹಿಡಿಯುತ್ತಾರೆ. ಅದು ತುರ್ತು ಸ್ಥಿತಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ನಿದ್ದೆಗೆ, ಫಿಟ್ಸ್‌ಗೆ ಔಷಧಿ ಕೊಡುತ್ತಾರೆ, ಥಯಾಮಿನ್ ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚು ಖರ್ಚಿನದಲ್ಲ. ಆಶಾ ಅಕ್ಕಂದಿರು ಇದೊಂದನ್ನು ನೆನಪಿಟ್ಟುಕೊಂಡರೂ ನಾನು ಬಂದದ್ದು ಸಾರ್ಥಕ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಿಮಗೆಲ್ಲ ಗೊತ್ತು. ಎಂಟು ದಿನ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಇಟ್ಟುಕೊಳ್ಳುತ್ತಾರೆ. ಭಜನೆ, ಯೋಗ, ಕೌನ್ಸೆಲಿಂಗ್, ಕೊನೆಗೆ ಹೆಂಡತಿ ಮಕ್ಕಳನ್ನು ಕರೆಸುತ್ತಾರೆ. ಕೆಲವು ಡಾಕ್ಟರುಗಳು ಇದನ್ನು ಹಗುರವಾಗಿ ಮಾತಾಡುತ್ತಾರೆ. ನಾನು ಮಾತಾಡುವುದಿಲ್ಲ. ಊರಿನವರೇ ಮುಂದೆ ನಿಂತು ನಡೆಸುವ ಶಿಬಿರಕ್ಕೆ, ಆಸ್ಪತ್ರೆ ಅಂದರೆ ಹೆದರುವವನೂ ಬರುತ್ತಾನೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರನ್ನು ನವಜೀವನ ಸಮಿತಿ ಅಂತ ಮಾಡಿ ಸೇರಿಸುತ್ತಾರಲ್ಲ, ನಿಜವಾದ ಶಕ್ತಿ ಇರುವುದು ಅದರಲ್ಲಿ. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗುಗಳಲ್ಲೂ ಅಷ್ಟೇ, ಬಿಟ್ಟವನೇ ಬಿಡಬೇಕಾದವನ ಜೊತೆ ಕೂರುತ್ತಾನೆ. ನನ್ನ ತಕರಾರು ಒಂದೇ. ಶಿಬಿರಕ್ಕೆ ಬಂದವನಿಗೆ ಕುಡಿತದ ಹಿಂದೆ ಖಿನ್ನತೆ ಇದ್ದರೆ? ನಿದ್ದೆ ಬಾರದೆ ಕುಡಿಯಲು ಕಲಿತವನಾದರೆ? ಅದನ್ನು ಗುರುತಿಸುವವರು ಅಲ್ಲಿ ಒಬ್ಬರು ಇರಲೇಬೇಕು. 2017ರ ಕಾಯ್ದೆಯೇ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳನ್ನು ಮಾನಸಿಕ ಕಾಯಿಲೆಯ ಒಳಗೆ ಸೇರಿಸಿದೆ. ನಾವು ಮಾತ್ರ ಇನ್ನೂ "ಕೊಬ್ಬು" ಅನ್ನುತ್ತಿದ್ದೇವೆ.

ಮಗಳ ವಿಷಯಕ್ಕೆ ಬರುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಬುದ್ಧಿಮಾಂದ್ಯತೆ ಇದೆ, ಮಾನಸಿಕ ಕಾಯಿಲೆಯೂ ಇದೆ. ಅಂದರೆ ಆ ಮನೆಯ ಮಗಳಿಗೆ ಹೇಗೋ ಹಾಗೆ ಮಗನಿಗೂ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು, ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಿಂಚಣಿ ಕೇಳುವ ಹಕ್ಕಿದೆ. ಇದು ಬಹಳ ಮನೆಗಳಿಗೆ ಗೊತ್ತೇ ಇಲ್ಲ. ಗೊತ್ತಾದರೂ ಹುಡುಗನಿಗೆ ಕೈಕಾಲು ಗಟ್ಟಿಯಾಗಿವೆ, ನೋಡಿದವರು "ಇವನಿಗೇನು ಧಾಡಿ" ಅನ್ನುತ್ತಾರೆ. ಪಂಚಾಯಿತಿಯ ವಿಆರ್‌ಡಬ್ಲ್ಯೂಗಳು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇಲ್ಲಿದ್ದೀರಿ. ನೀವೂ ಅಂಗವಿಕಲರೇ, ಆಫೀಸಿನ ಮೆಟ್ಟಿಲು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯವರ ಹೆಸರು ಎಷ್ಟಿದೆ ಅಂತ ಇವತ್ತು ಮನೆಗೆ ಹೋಗಿ ಒಂದು ಸಲ ನೋಡಿ.

ಸಂಸ್ಥೆಗಳ ಕಡೆಯ ಕೊರತೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮಗೆ ದುಡ್ಡು ಬರುವುದು ಮೂರು ವರ್ಷದ ಪ್ರಾಜೆಕ್ಟಿಗೆ. ಆ ಹುಡುಗನ ಕಾಯಿಲೆ ಮೂರು ವರ್ಷಕ್ಕೆ ಮುಗಿಯುವುದಿಲ್ಲ. ದುಡ್ಡು ಕೊಡುವವರು ಎಷ್ಟು ಜನ ಗುಣವಾದರು ಅಂತ ಕೇಳುತ್ತಾರೆ, ಫೋಟೊ ಕೇಳುತ್ತಾರೆ. ಎಷ್ಟು ಜನ ಈ ತಿಂಗಳೂ ಮಾತ್ರೆ ಬಿಟ್ಟಿಲ್ಲ ಅಂತ ಯಾರೂ ಕೇಳುವುದಿಲ್ಲ. ಪ್ರಾಜೆಕ್ಟ್ ಮುಗಿದ ದಿನ ನೋಟ್‌ಬುಕ್ ಹಿಡಿದ ಕಾರ್ಯಕರ್ತೆ ಗಾರ್ಮೆಂಟ್ಸ್‌ಗೆ ಸೇರುತ್ತಾಳೆ, ಸಂಬಳ ಅಲ್ಲೇ ಜಾಸ್ತಿ. ಹಾಗಾಗಿ ಈಗೀಗ ನಾವು ಆರೈಕೆ ಮಾಡುವ ಮನೆಯವರದ್ದೇ ಸಂಘ ಕಟ್ಟಲು ನೋಡುತ್ತಿದ್ದೇವೆ. ತಿಂಗಳಿಗೊಮ್ಮೆ ತಾಯಂದಿರು ಸೇರುತ್ತಾರೆ. ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ ಅಂದರೆ ಒಬ್ಬಳು ಹೋಗಿ ಕೇಳಿದ್ದಕ್ಕೂ ಹತ್ತು ಜನ ಹೋಗಿ ಕೇಳಿದ್ದಕ್ಕೂ ಬರುವ ಉತ್ತರ ಬೇರೆ. ಜೊತೆಗೆ, ನಿದ್ದೆ ಬಾರದ ತಾಯಿಗೆ ತನ್ನ ಮಾತು ಹೇಳಿಕೊಳ್ಳಲು ಸಿಗುವ ಜಾಗವೂ ಅದೊಂದೇ.

ಕೊನೆಗೆ ಕೆಲಸಕ್ಕೆ ಬರುವ ಮಾಹಿತಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಮ್ಮಲ್ಲಿಗೆ ಯಾವ ಮಂಗಳವಾರ ಅಂತ ಆಶಾ ಅಕ್ಕಂದಿರಲ್ಲಿ ಕೇಳಿಕೊಳ್ಳಿ. ಹಳೆಯ ಚೀಟಿ, ಖಾಲಿ ಮಾತ್ರೆ ಪಟ್ಟಿ ಇದ್ದರೆ ತನ್ನಿ, ಬಿಸಾಡಬೇಡಿ. ರೋಗಿ ಬರಲು ಒಪ್ಪದಿದ್ದರೂ ಮನೆಯವರಾದರೂ ಬಂದು ಮಾತಾಡಿ. ರಾತ್ರಿ ಹೊತ್ತು ಯಾರ ಹತ್ತಿರವೂ ಹೇಳಿಕೊಳ್ಳಲು ಆಗುತ್ತಿಲ್ಲ ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್ ಇದೆ, ನಂಬರು 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರು ಬರೆದುಕೊಳ್ಳಿ, ಒಂದು ನಿಮಿಷ ನಿಲ್ಲುತ್ತೇನೆ.

ಆಯಿತಾ? ಈಗ ಪ್ರಶ್ನೆ ಕೇಳಿ. ಎಲ್ಲರ ಮುಂದೆ ಕೇಳಲು ಸಂಕೋಚ ಆಗುವವರು ಊಟದ ಹೊತ್ತಿನಲ್ಲಿ ಬನ್ನಿ, ನಾನು ಆ ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ.